ಬಿದ್ದ ಕೂಸು ಮೊದಲು ನೋಡುವ ಮುಖ

ತಾನು ಹೇಳಿದ್ದು ತಪ್ಪು ಎಂದು ಗೊತ್ತಾದ ಕೂಡಲೇ ಚಪ್ಪಾಳೆ ತಟ್ಟಿ ಕುಣಿಯುವ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಮಿಕ್ಕ ನಾವೆಲ್ಲ ತಪ್ಪಿದಾಗ ಗಂಟಲು ಸರಿಮಾಡಿಕೊಳ್ಳುತ್ತೇವೆ, ಮಾತು ಬೇರೆ ಕಡೆ ತಿರುಗಿಸುತ್ತೇವೆ, ಮೇಷ್ಟರುಗಳಾಗಿದ್ದರೆ ತಪ್ಪು ಹಿಡಿದ ಹುಡುಗನನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ಅವರು ಹಾಗಲ್ಲ. "ತಪ್ತು! ಅಬಬಬಾ, ತಪ್ತು ನೋಡ್ರಿ!" ಎಂದು ಎರಡೂ ಕೈಗಳನ್ನು ಪಟಪಟ ಬಡಿಯುವರು. ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ಮೂಗಿನ ಮೇಲೆ, ಕನ್ನಡಕದ ಮೇಲೆ, ಮುಂದಿನ ಸಾಲಿನಲ್ಲಿ ಕೂತ ನಮ್ಮ ಸೀರೆಗಳ ಮೇಲೆ ಬೀಳುತ್ತಿತ್ತು. ಹೀಗಾಗಿ ಅವರಿಗೆ ನಾವಿಟ್ಟ ಹೆಸರು 'ತಪ್ತು ಸರ್'. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬಿದ್ದ ದಿನವೂ ಚಪ್ಪಾಳೆ ತಟ್ಟಿದರಂತೆ.

ಹೋದ ಶನಿವಾರ, ಬಳ್ಳಾರಿಯ ಹಾಸ್ಟೆಲಿನಲ್ಲಿ ಓದುತ್ತಿರುವ ನನ್ನ ಮಗಳು ನೀಲಾ ಸಿರುಗುಪ್ಪದ ನಮ್ಮ ಮನೆಗೆ ಬಂದವಳು ಚೀಲ ಕೆಳಗಿಡದೆ ಹೊಸ್ತಿಲಲ್ಲೇ ನಿಂತಳು. "ಅವ್ವಾ, ತಪ್ತು ಸರ್ ತೀರಿಕೊಂಡ್ರಂತ," ಎಂದಳು. ಅವರು ಅವಳಿಗೆ ಪಾಠ ಹೇಳಿದವರಲ್ಲ. ಆದರೂ ಆ ಹೆಸರು ಹೇಳುತ್ತ ಕಣ್ಣೊರೆಸಿಕೊಂಡಳು. ನನಗಂತೂ ದುಃಖಕ್ಕೆ ಮೊದಲು ನಗು ಬಂತು. ಸಾವಿನ ಸುದ್ದಿ ಕೇಳಿ ನಗುವುದು ಒಳ್ಳೆಯದಲ್ಲ ಎಂದು ಗೊತ್ತು. ಆದರೆ ಆ ಮನುಷ್ಯರನ್ನು ನೆನೆದರೆ ನನ್ನ ಕೈಗಳು ತಾವೇ ಚಪ್ಪಾಳೆಗೆ ಎದ್ದುಬಿಡುತ್ತವೆ, ನಾನೇನು ಮಾಡಲಿ?

ಎಪ್ಪತ್ತರ ದಶಕದ ಆರಂಭದ ಮಾತು. ನನಗಿನ್ನೂ ಮದುವೆಯಾಗಿರಲಿಲ್ಲ. ಬಳ್ಳಾರಿಯ ಗಾಂಧಿನಗರದ ತವರುಮನೆಯಿಂದ ದಿನವೂ ಕಂಟೋನ್ಮೆಂಟಿಗೆ ನಡೆದು ಹೋಗುತ್ತಿದ್ದೆ. ಅಲ್ಲೊಂದು ಹಳೆಯ ಹೆಂಚಿನ ಬಂಗಲೆಯಲ್ಲಿ ಶಿಕ್ಷಕರ ತರಬೇತಿ ನಡೆಯುತ್ತಿತ್ತು. ಬಿಳಿ ದೊರೆಗಳು ಊಟಕ್ಕೆ ಕೂರುತ್ತಿದ್ದ ಕೋಣೆಯೇ ನಮ್ಮ ತರಗತಿ. ಮಕ್ಕಳ ಮನಶ್ಶಾಸ್ತ್ರ ಎಂದರೆ ಪರೀಕ್ಷೆಗೆ ಉರು ಹೊಡೆಯುವ ಒಣ ವಿಷಯ ಎಂದುಕೊಂಡು ಹೋಗಿ ಕೂತೆವು. ಗಿಡ್ಡಗೆ, ಅರ್ಧ ಮಡಚಿದ ತೋಳಿನ ಬಿಳಿ ಅಂಗಿ ತೊಟ್ಟ ಒಬ್ಬರು ಓಡುತ್ತಲೇ ಒಳಗೆ ಬಂದರು. ಪ್ಯಾಂಟಿಗೆ ಹಾಕಿದ್ದ ಸೈಕಲ್ ಕ್ಲಿಪ್ಪು ಹಾಗೇ ಇತ್ತು. ಹೆಸರು ಕೂಗಲಿಲ್ಲ, ನಮಸ್ಕಾರಕ್ಕೂ ಕಾಯಲಿಲ್ಲ. ಕರಿಹಲಗೆಯ ಮೇಲೆ ಒಂದು ಮನೆ ಬರೆದು ಒಳಗೆ ಮೂರು ಗೊಂಬೆ ನಿಲ್ಲಿಸಿದರು.

"ಇದು ಪುಸ್ತಕದಾಗಿನ ಮನಿ. ಅವ್ವ, ಅಪ್ಪ, ಕೂಸು. ಮನಸ್ಸಿನ ಡಾಕ್ಟರುಗಳು ದೂರದ ದೇಶದಾಗ ಕುಂತು ಹೇಳ್ಯಾರ, ಮನುಷ್ಯಾ ಅಂಬೋನು ತಯಾರಾಗೂದು ಈ ಮೂರು ಮಂದಿ ನಡುವ. ಮುಂದ ಅವನ ಪ್ರೀತಿ, ಸಿಟ್ಟು, ಹೆದರಿಕಿ, ಹಟ, ಎಲ್ಲಾದರ ಬೀಜಾನೂ ಇಲ್ಲೇ ಐತಿ ಅಂತ. ಕೇಳ್ರಿ ಇಲ್ಲಿ! ಹುಟ್ಟಿದ ಕೂಸಿಗೆ ತಾ ಬ್ಯಾರೆ, ಅವ್ವ ಬ್ಯಾರೆ ಅಂತ ಗೊತ್ತಿರೂದಿಲ್ಲ. ಹಸಿವೂ ತನ್ನದ, ಹಾಲೂ ತನ್ನದ. ಒಂದಿನ ಅವ್ವ ತಡಾ ಮಾಡಿ ಬರ್ತಾಳ. ಆವಾಗ ತಿಳೀತೈತಿ, ಎಲಾ ಈಕಿನ, ಈಕಿ ಬ್ಯಾರೆ ಅದಾಳ, ನನ್ನ ಬಿಟ್ಟು ಹೋಗಾಕೂ ಬಲ್ಲಳು! ಮನುಷ್ಯಾನ ಮೊದಲನೇ ಹೆದರಿಕಿ ಅದ. ಮೊದಲನೇ ಪ್ರೀತೀನೂ ಅದ."

ಹೀಗೆ ಪಾಠ ಹೇಳುವವರನ್ನು ನಾವು ಕಂಡಿರಲಿಲ್ಲ. ಮನೋವಿಶ್ಲೇಷಣೆ ಎಂಬ ದೊಡ್ಡ ಹೆಸರಿನ ಶಾಸ್ತ್ರ ಅವರ ಬಾಯಲ್ಲಿ ನಮ್ಮ ಓಣಿಯ ಸುದ್ದಿಯಾಗುತ್ತಿತ್ತು. ಹುಮ್ಮಸ್ಸು ಏರಿದಂತೆ ಕನ್ನಡ ಸಾಲದಾಗಿ ತೆಲುಗಿಗೆ ಹಾರುವರು. "ಚೂಡಂಡಿ, ಚೂಡಂಡಿ!" ಎಂದು ಎಲ್ಲರಿಗೂ ನೋಡಿ ನೋಡಿ ಎನ್ನುವರು, ನೋಡಲು ಅಲ್ಲೇನೂ ಇರುತ್ತಿರಲಿಲ್ಲ. ಎಳೆಯ ಗಂಡುಮಗುವಿಗೆ ತಂದೆಯ ಮೇಲೆ ಹೊಟ್ಟೆಕಿಚ್ಚು ಇರುತ್ತದೆ, ಅವ್ವ ಪೂರ್ತಿ ತನಗೇ ಬೇಕು ಅನ್ನಿಸುತ್ತದೆ ಎಂದಾಗ ಹುಡುಗಿಯರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡೆವು. ಆಚಾರ್ಯರ ಮನೆತನದ ಸಹಪಾಠಿಯೊಬ್ಬ ಎದ್ದು ನಿಂತ. "ಸರ್, ಇದು ಅನಾಚಾರದ ಮಾತು," ಎಂದ.

"ನಿಮ್ಮನಿಯಾಗ ಸಣ್ಣ ಹುಡುಗರು ಅದಾರೇನ್ರಿ?"

"ನಮ್ಮ ಅಕ್ಕನ ಮಗ ಇದ್ದಾನ್ರಿ."

"ಅವರಪ್ಪ ಬಂದು ಅವ್ವನ ಮಗ್ಗಲಕ ಕುಂತ್ರ ಆ ಹುಡುಗ ಏನ್ ಮಾಡ್ತಾನ?"

ಅವನು ಪ್ರಾಮಾಣಿಕ. ತುಸು ಯೋಚಿಸಿ, "ನಡುವ ಬಂದು ತುರುಕ್ಕೋತಾನ್ರಿ. ಅಪ್ಪನ್ನ ಕಾಲಿಲೆ ನೂಕ್ತಾನ," ಎಂದ. ಕೋಣೆಯ ಹೆಂಚು ಹಾರುವಷ್ಟು ನಗು.

ಆ ನಗುವಿನಲ್ಲಿ ನನಗೆ ಎಲ್ಲಿಂದ ಧೈರ್ಯ ಬಂತೋ, ನಾನೂ ಎದ್ದೆ. "ಸರ್, ನಮ್ಮ ಮನ್ಯಾಗ ಅಜ್ಜಿ ಮುಂದ ಅಪ್ಪ ಅವ್ವನ ಮಗ್ಗಲಕ ಕುಂದ್ರೂದ ಇಲ್ರಿ. ಹುಡುಗರನ್ನ ಮುಟ್ಟೂದೂ ಇಲ್ಲ. ಅವ್ವಗ ಒಲಿ ಬಿಟ್ಟು ಏಳಾಕ ಪುರಸೊತ್ತಿಲ್ಲ. ನಮ್ಮನ್ನ ಎತ್ತಿ ಆಡಿಸಿದಾಕಿ ಸೋದರತ್ತಿ. ಅಂದ್ರ ನಮ್ಮ ತಮ್ಮ ಯಾರ ಮ್ಯಾಲ ಹೊಟ್ಟಿಕಿಚ್ಚು ಪಡಬೇಕ್ರಿ?"

ಆಗಲೇ ನಾನು ಮೊದಲ ಬಾರಿ ಆ ಚಪ್ಪಾಳೆ ಕೇಳಿದೆ. "ತಪ್ತು! ಪುಸ್ತಕಾನೂ ತಪ್ತು, ನಂದೂ ತಪ್ತು! ಪುಸ್ತಕ ಬರದೋರು ನಮ್ಮ ಕುರುಗೋಡಿಗೆ ಬಂದೇ ಇಲ್ರೀ. ಬಂದಿದ್ರ ಯಾರಿಗೆ ಯಾರು ಅವ್ವ ಅಂತ ತಿಳಕೊಳ್ಳೂದ್ರಾಗ ಅವರ ತಲಿ ನೆರೀತಿತ್ತು!" ಎಂದು ಆ ಮೂರೂ ಗೊಂಬೆಗಳನ್ನು ಅಂಗೈಯಿಂದಲೇ ಅಳಿಸಿದರು. ಒಬ್ಬೊಬ್ಬರಿಂದಲೂ ಅವರವರ ಮನೆಯ ಮಂದಿಯನ್ನು ಕೇಳಿ ಬರೆಯುತ್ತ ಹೋದರು. ಹಲಗೆ ತುಂಬಿತು, ಗಂಟೆ ಹೊಡೆಯಿತು, ಅವರು ಗೋಡೆಯ ಮೇಲೆ ಬರೆಯಲು ಶುರುಮಾಡಿದರು. ಮರುದಿನ ಆ ಗೋಡೆಗೆ ಸುಣ್ಣ ಬಳಿಸಿದ ಪ್ರಾಂಶುಪಾಲರು ಅವರೊಂದಿಗೆ ಒಂದು ವಾರ ಮಾತಾಡಲಿಲ್ಲ.

ಅವರದೊಂದು ಮಾತಿತ್ತು. ಪ್ರತಿ ಕೂಸೂ ತನ್ನ ಸುತ್ತ ಇದ್ದವರನ್ನು ತೆಗೆದುಕೊಂಡು ಒಳಗೊಂದು ಮನೆ ಕಟ್ಟಿಕೊಳ್ಳುತ್ತದೆ, ದೊಡ್ಡದಾದ ಮೇಲೆ ಎಲ್ಲೇ ಇದ್ದರೂ ವಾಸ ಮಾತ್ರ ಅಲ್ಲೇ. "ಹೊರಗಿನ ಮನಿಗೆ ವರ್ಷಾ ಸುಣ್ಣ ಹೊಡೀತೀವಿ. ಒಳಗಿನ ಮನ್ಯಾಗ ಒಮ್ಮಿಯಾದ್ರೂ ದೀಪ ಹಚ್ಚಿ ನೋಡೀವೇನು?" ಎನ್ನುವರು. ಶಾಲಾ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಕೈಕಾಲು ನಡುಗುತ್ತಿದ್ದ ಗೆಳತಿಯೊಬ್ಬಳಿಗೆ, "ನೀ ಅಂಜೂದು ಇನ್ಸ್‌ಪೆಕ್ಟರಿಗೆ ಅಲ್ಲವಾ ತಂಗಿ. ಆ ಕುರ್ಚ್ಯಾಗ ನಿಮ್ಮಪ್ಪನ್ನ ಕುಂದರಿಸಿದಿ. ಇಳಸು ಮೊದಲು!" ಎಂದಿದ್ದರು. ಅವಳು ಮುಂದೆ ಇನ್ಸ್‌ಪೆಕ್ಟರನ್ನೇ ಮದುವೆಯಾದಳು. ಇದಕ್ಕೆ ಶಾಸ್ತ್ರ ಏನನ್ನುತ್ತದೆ ಎಂದು ನಾನು ಕೇಳಲಿಲ್ಲ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಯಾರಾದರೂ ಅಂದರೆ ಅವರಿಗೆ ಕೆಟ್ಟ ಸಿಟ್ಟು. "ಯಾಕ ಬಗ್ಗಸಬೇಕ್ರೀ? ಗಿಡ ನಿಮಗೇನ್ ಮಾಡೈತಿ?" ಎಂದು ಜಗಳಕ್ಕೇ ನಿಲ್ಲುವರು.

ಪಾಠ ಕೋಣೆಯಲ್ಲಿ ಮುಗಿಯುತ್ತಿರಲಿಲ್ಲ. ಒಂದು ಸಂಜೆ ನಮ್ಮನ್ನೆಲ್ಲ ಕೌಲ್ ಬಜಾರಿಗೆ ಕರೆದುಕೊಂಡು ಹೋಗಿ, ಮಿರ್ಚಿ ಬಂಡಿಯ ಮುಂದೆ ನಿಲ್ಲಿಸಿ, ಎಲ್ಲರ ಕೈಗೂ ಒಗ್ಗರಣಿ ಮಂಡಕ್ಕಿ ಕೊಡಿಸಿದರು. "ತಿನ್ಕೊಂತ ನೋಡ್ರಿ. ಸುಮ್ಮನ ನೋಡ್ರಿ," ಎಂದರು. ಟ್ರಂಕು ತಟ್ಟುವವರ ಅಂಗಡಿಗಳ ಸದ್ದು, ಕುದುರೆಗಾಡಿ, ಆಟೋ, ನಮಾಜಿಗೆ ಹೊರಟವರು, ಹೂ ಮಾರುವವರು. ಅದರ ನಡುವೆ ಓಡುತ್ತಿದ್ದ ಒಂದು ಪುಟ್ಟ ಹುಡುಗಿ ಕಲ್ಲು ಎಡವಿ ಬಕ್ಕಬೋರಲು ಬಿದ್ದಳು. ನಾವು ಎತ್ತಲು ಧಾವಿಸಿದರೆ ಅವರು ಎರಡೂ ಕೈ ಚಾಚಿ ತಡೆದರು. ಮಗು ಅಳಲಿಲ್ಲ. ತಲೆ ಎತ್ತಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಬುರ್ಖಾ ತೊಟ್ಟ ಒಬ್ಬ ಮುದುಕಿ ಬಳೆ ಅಂಗಡಿಯಿಂದ ತಿರುಗಿದಳು. ಆ ಮುಖ ಕಂಡದ್ದೇ ತಡ, ಮಗು ಊರು ಕೇಳುವಂತೆ ಅಳಲು ಶುರುಮಾಡಿತು.

"ಕಂಡ್ರಿಲ್ಲೋ!" ಅವರ ಮಂಡಕ್ಕಿ ಪೊಟ್ಟಣ ಎಂದೋ ನೆಲ ಸೇರಿತ್ತು. "ಬಿದ್ದ ಕೂಸು ಮೊದಲು ಅಳೂದಿಲ್ಲ. ಯಾರ ಮುಂದ ಅಳಬೇಕು ಅಂತ ಹುಡುಕತೈತಿ. ಆ ಮುಖ ಸಿಕ್ಕ ಮ್ಯಾಲ ಅಳತೈತಿ. ಹೆತ್ತಾಕಿನ ಆಗಬೇಕಂತೇನಿಲ್ಲ. ಯಾರ ಮುಖ ನೋಡಿ ಅಳತೈತೋ, ಆ ಕೂಸಿನ ಒಳಗಿನ ಮನಿಗೆ ಅವರ ನಡುಗಂಬ!"

ಅಲ್ಲಿಂದ ನಡೆದು ಬರುವಾಗ ನಗುನಗುತ್ತ ತಮ್ಮದೇ ಕಥೆ ಹೇಳಿದರು. ಕುರುಗೋಡಿನಲ್ಲಿ ಸಣ್ಣವರಿದ್ದಾಗ ದೊಡ್ಡ ಬಸವಣ್ಣನ ಗುಡಿಯ ಮುಂದೆ ಓಡಿ ಬಿದ್ದು ಮೊಣಕಾಲಿನ ಚರ್ಮ ಕಿತ್ತುಹೋಯಿತಂತೆ. ತಲೆ ಎತ್ತಿ ನೋಡಿದರೆ ಕಟ್ಟೆಯ ಮೇಲೆ ಅಪ್ಪ. ಪಕ್ಕದಲ್ಲಿ ಅಜ್ಜ, ಊರ ಹಿರಿಯರು. ಹಿರಿಯರ ಎದುರು ತನ್ನ ಕೂಸನ್ನು ತಾನು ಎತ್ತಿಕೊಳ್ಳುವುದು ಆ ಮನೆಗಳಲ್ಲಿ ಮರ್ಯಾದೆಗೇಡು. "ನಮ್ಮಪ್ಪ ನನ್ನ ನೋಡಿದ. ನೋಡಿ, ಗುಡ್ಡದ ಕಡೆ ಮುಖಾ ತಿರುವಿದ. ಹಂಗಾಗಿ ನಾ ಅವತ್ತು ಅಳಲೇ ಇಲ್ಲ. ಎದ್ದು, ಧೂಳಾ ಜಾಡಿಸಿಕೊಂಡು, ಆಟಕ್ಕ ಹೋದೆ," ಎಂದು ಜೋರಾಗಿ ನಕ್ಕರು. ಆ ಕಥೆಯನ್ನು ಪ್ರತಿ ವರ್ಷದ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದರು, ಪ್ರತಿ ವರ್ಷವೂ ಹಾಗೇ ನಗುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಇಷ್ಟೆಲ್ಲ ಹೇಳುವವರ ಮನೆಯಲ್ಲಿ ಏನು ಕಥೆ ಎಂದು ನೋಡುವ ಕುತೂಹಲ ನಮಗೆ. ಹೋದರೆ ಅವರ ಹೆಂಡತಿ ಚಹಾ ಕೊಡುತ್ತ, "ದೀಪದ ಬುಡದಾಗ ಕತ್ತಲ ನೋಡ್ರೆವ್ವಾ. ಊರ ಮಕ್ಕಳ ಮನಸ್ಸು ಓದ್ತಾರ, ನಮ್ಮ ಹುಡುಗ ಯಾವ ಕ್ಲಾಸು ಅಂತ ಕೇಳ್ರಿ ನೋಡೂಣು," ಎಂದರು. ಸರ್ ತಪ್ಪು ಕ್ಲಾಸು ಹೇಳಿದರು. ಹುಡುಗ ಒಳಗಿನಿಂದಲೇ, "ತಪ್ತು!" ಎಂದು ಕೂಗಿ ಚಪ್ಪಾಳೆ ತಟ್ಟಿದ. ಅಪ್ಪ ಮಗ ಬಿದ್ದು ಬಿದ್ದು ನಕ್ಕರು. ನಾನು ಆವರೆಗೆ ತಂದೆಯನ್ನು ಹಾಗೆ ಗೇಲಿ ಮಾಡಿ ಪೆಟ್ಟು ತಿನ್ನದ ಮಗನನ್ನು ನೋಡಿರಲಿಲ್ಲ.

ತರಬೇತಿ ಮುಗಿದ ಬೆನ್ನಿಗೇ ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಭತ್ತದ ಗದ್ದೆ, ಮನೆಯ ಹಿತ್ತಲಿಗೆ ಹೊಂದಿಕೊಂಡೇ ಒಂದು ಸಣ್ಣ ಅಕ್ಕಿ ಗಿರಣಿ, ಹಣೆಯ ತುಂಬ ವಿಭೂತಿಯ ಮಾವ, ಅತ್ತೆ, ಮಕ್ಕಳಿಲ್ಲದ ಭಾವ, ಅವರ ಹೆಂಡತಿಯಾದ ನನ್ನ ಓರಗಿತ್ತಿ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಮಾವ ಪಡಸಾಲೆಯಲ್ಲಿ ಇದ್ದರಂತೂ ತಾನೊಬ್ಬ ತಂದೆ ಎಂಬುದೇ ಅವರಿಗೆ ಮರೆತುಹೋಗುತ್ತಿತ್ತು. ನೀಲಾ ಹುಟ್ಟಿದಳು. ಅವಳು ಓಡಾಡುವ ಹೊತ್ತಿಗೆ ಮಗ ಹುಟ್ಟಿದ. ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿ ನೋಡುತ್ತೇನೆ, ನೀಲಾಳ ಹಾಸಿಗೆ ಅಕ್ಕನ ಕೋಣೆಗೆ ಹೋಗಿತ್ತು. ಎರಡನೆಯದು ಬಂದಾಗ ಮೊದಲನೆಯದನ್ನು ಮನೆಯ ಇನ್ನೊಬ್ಬ ಹೆಣ್ಣುಮಗಳ ಮಗ್ಗುಲಿಗೆ ಹಾಕುವುದು ನಮ್ಮಲ್ಲಿ ರೂಢಿ. ಯಾರೂ ಯಾರನ್ನೂ ಕೇಳುವುದಿಲ್ಲ.

ನೀಲಾ ನನ್ನ ಕೈತುತ್ತು ಬಿಟ್ಟಳು. ಹಾಸಿಗೆ ಒದ್ದೆ ಮಾಡತೊಡಗಿದಳು. ಆಮೇಲೆ ಮಾತೇ ನಿಲ್ಲಿಸಿದಳು. ನಾನು ಹತ್ತಿರ ಹೋದರೆ ಅಕ್ಕನ ಸೆರಗಿನ ಹಿಂದೆ ಸರಿಯುವಳು. "ತಮ್ಮ ಬಂದ, ಅದಕ್ಕ ಉರಿ," ಎಂದು ಎಲ್ಲರೂ ನಕ್ಕರು. ನಗುತ್ತ ನಗುತ್ತಲೇ ಇನ್ನೊಂದು ಮಾತು ಮನೆಯಲ್ಲಿ ಓಡಾಡತೊಡಗಿತು. ನೀಲಾಳನ್ನು ಭಾವನವರಿಗೇ ಕೊಟ್ಟುಬಿಡುವುದು. ಅಕ್ಕ ಕೆಟ್ಟವರಾಗಿದ್ದರೆ ನನಗೆ ಜಗಳಕ್ಕಾದರೂ ದಾರಿ ಇರುತ್ತಿತ್ತು. ಆಕೆ ದೇವರಂಥವರು. ನೀಲಾಳನ್ನು ಎದೆಗವಚಿಕೊಂಡು ಕೂತಾಗ ಆಕೆಯ ಮುಖದ ಕಳೆ ನೋಡಿ ನನ್ನ ಬಾಯಿ ಕಟ್ಟುತ್ತಿತ್ತು. ಗಂಡನಿಗೆ ಹೇಳಿಕೊಂಡರೆ, "ಅಪ್ಪ ಅದಾರ, ನೋಡ್ತಾರ," ಅಷ್ಟೇ. ಈ ಮನುಷ್ಯನಿಗೆ ಮಗಳ ಮೇಲೆ ಜೀವವೇ ಇಲ್ಲ ಎಂದು ನಾನು ಖಂಡಿತ ನಂಬಿದೆ. ಅವರ ಮೇಲೆ ಅಷ್ಟು ಸಿಟ್ಟು ನನಗೆ ಮುಂದೆಂದೂ ಬಂದಿಲ್ಲ.

ತವರಿಗೆ ಹೋದಾಗ ಕಂಟೋನ್ಮೆಂಟಿಗೆ ಓಡಿದೆ. ಸರ್ ಎದುರು ಎಲ್ಲ ಹೇಳಿ, "ನನ್ನ ಕೂಸು ನನಗ ಬೇಕ್ರಿ ಸರ್. ಕೊಟ್ಟ ಮ್ಯಾಲ ಅದ ಮನ್ಯಾಗ ಅದನ್ನ ದಿನಾ ನೋಡಿಕೊಂತ, ನಂದಲ್ಲ ಅಂತ ಹೆಂಗ ಇರ್ಲಿ?" ಎಂದು ಅತ್ತುಬಿಟ್ಟೆ. ಚಹಾದ ಕಪ್ಪು ಅವರ ಕೈಯಲ್ಲೇ ವಾಲಿ ಅಂಗಿ ತೋಯಿತು. ಅದು ಅವರಿಗೆ ಗೊತ್ತೂ ಆಗಲಿಲ್ಲ. "ಮಣ್ಣೆತ್ತಿನ ಅಮಾಸಿ ಯಾವಾಗೈತಿ? ಮುಂದಿನ ವಾರ ಅಲ್ಲ? ಬರ್ತೀನಿ. ಮಾತು ಬಿಟ್ಟ ಕೂಸಿನ ಕೈಯಾಗ ಆಡಾಕ ಮಣ್ಣು ಕೊಡಬೇಕವಾ. ಬಾಯಿ ಆಡದ್ದನ್ನ ಕೈ ಆಡತೈತಿ!" ಎಂದು ಎದ್ದು ನಿಂತರು, ಆಗಲೇ ಬಸ್ಸು ಹೊರಟಿದೆಯೋ ಎಂಬಂತೆ.

ಬಂದೇ ಬಂದರು. ಊರೂರಿನ ಮಕ್ಕಳು ಮಾಡುವ ಮಣ್ಣೆತ್ತು ನೋಡುವ ಮೇಷ್ಟರು ಎಂದು ಮಾವನಿಗೆ ಪರಿಚಯ ಮಾಡಿಸಿದೆ. ಮಾವನಿಗೆ ಖುಷಿಯಾಯಿತು, ಕಲಿತವರು ಎತ್ತಿಗೆ ಬೆಲೆ ಕೊಡುತ್ತಾರಲ್ಲ ಎಂದು. ಕಾಲುವೆ ದಂಡೆಯಿಂದ ತಂದ ಎರೆಮಣ್ಣನ್ನು ಅತ್ತೆ ಅಂಗಳದಲ್ಲಿ ನಾದಿ ಇಟ್ಟಿದ್ದರು. ಓಣಿಯ ಮಕ್ಕಳೆಲ್ಲ ಸುತ್ತ ಕೂತರೆ ಸರ್ ಕೂಡ ಪ್ಯಾಂಟು ಮಡಚಿ ನೆಲಕ್ಕೆ ಕೂತರು. ಅವರು ಮಾಡಿದ ಎತ್ತು ಕತ್ತೆಯಂತಿತ್ತು. ಮಕ್ಕಳು ಉರುಳಾಡಿ ನಕ್ಕವು. "ಹೌದ್ರಲೇ, ನಂದು ತಪ್ತು!" ಎಂದು ಕೆಸರುಗೈಯಲ್ಲೇ ಚಪ್ಪಾಳೆ. "ಈಗ ಎಲ್ಲಾರೂ ಮನ್ಯಾಗ ಎಷ್ಟು ಮಂದಿ ಅದಾರ, ಅಷ್ಟು ಎತ್ತು, ಆಕಳಾ ಮಾಡ್ರಿ. ನಡುವ ಮೇವಿನ ಗ್ವಾದಲಿ ಮಾಡ್ರಿ. ಯಾರನ್ನ ಎಲ್ಲಿ ನಿಂದ್ರಸ್ತೀರೋ ನಿಂದ್ರಸ್ರಿ," ಎಂದರು.

ನೀಲಾ ನಗಲಿಲ್ಲ, ಆದರೆ ಅವಳ ಬೆರಳು ಓಡತೊಡಗಿದವು. ಬೆನ್ನ ಮೇಲೆ ದೊಡ್ಡ ಹಿಣಿಲು ಎದ್ದ ಒಂದು ಎತ್ತನ್ನು ಗೋದಲಿಯ ನಟ್ಟನಡುವೆ ಇಟ್ಟಳು. ಅಜ್ಜನೇ ಎಂದು ಯಾರೂ ಹೇಳಬೇಕಿರಲಿಲ್ಲ. ಪಕ್ಕದಲ್ಲಿ ಅಜ್ಜಿ, ದೊಡ್ಡಪ್ಪ, ದೊಡ್ಡವ್ವ. ಆಮೇಲೆ ಒಂದು ಆಕಳು ಮಾಡಿ ಅದರ ಹೊಟ್ಟೆಗೆ ಸಣ್ಣ ಮಣ್ಣಿನ ಉಂಡೆ ಒತ್ತಿ ಅಂಟಿಸಿದಳು. ನಾನು, ನನ್ನ ಮೊಲೆ ಬಿಡದ ಮಗ. ಕೊನೆಗೆ ಇನ್ನೊಂದು ಎತ್ತು ಮಾಡಿದಳು, ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು, ಜೋಳದ ಕಾಳಿನ ಕಣ್ಣಿಟ್ಟು. ಅದನ್ನು ಗೋದಲಿಯ ಹತ್ತಿರ ತರಲಿಲ್ಲ. ಗೋಡೆ ಬದಿಗಿದ್ದ ಭತ್ತದ ಚೀಲದ ಹಿಂದೆ ಒಯ್ದು ಇಟ್ಟಳು.

"ಇದು ಯಾರವಾ ತಾಯಿ?" ಸರ್ ಮೆಲ್ಲಗೆ ಕೇಳಿದರು. ಅವಳು ಪಡಸಾಲೆಯಲ್ಲಿದ್ದ ಅಜ್ಜನ ಕಡೆ ಒಮ್ಮೆ ನೋಡಿ ಆ ಎತ್ತನ್ನು ಅಂಗೈಯಿಂದ ಮುಚ್ಚಿದಳು.

ಸರ್ ಸರಸರ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಕಣ್ಣು ಹೊಳೆಯುತ್ತಿದ್ದವು. "ಅದು ತಾನ! ತನ್ನನ್ನ ತಾನ ಹೊರಗ ಹಾಕಿಕೊಂಡೈತಿ ಕೂಸು! ಗ್ವಾದಲ್ಯಾಗ ತನಗ ಜಾಗಾ ಇಲ್ಲ ಅಂತ ಹೇಳಾಕ ಹತ್ತೈತಿ. ನೀ ಅಂಜಬ್ಯಾಡ. ನಾ ನಿಮ್ಮ ಮಾವಗ ಹೇಳ್ತೀನಿ," ಎಂದು ಪಿಸುಗುಟ್ಟಿದರು. ನನಗೂ ಅದು ಖರೆ ಅನ್ನಿಸಿತು. ಹೋಳಿಗೆ ಬೇಯಿಸುತ್ತಲೇ ಕಣ್ಣೀರು ಹಾಕಿದೆ. ಹೊಗೆಯ ನೆಪ ಇದ್ದದ್ದು ಒಳ್ಳೆಯದಾಯಿತು.

ಊಟವಾಯಿತು. ಎತ್ತಿನ ಪೂಜೆ ಸಂಜೆಗೆ. ಎಲ್ಲರೂ ಪಡಸಾಲೆಯಲ್ಲಿ ಕೂತರು. ಮಾವ ಜಮಖಾನೆಯ ಮೇಲೆ, ಭಾವ ಅವರ ಬದಿಗೆ, ನನ್ನ ಗಂಡ ಎಂದಿನಂತೆ ದೂರದ ಕಂಬಕ್ಕೆ ಆನಿಕೊಂಡು ನೆಲ ನೋಡುತ್ತ. ನಾನು ಬಾಗಿಲ ಹಿಂದೆ, ಕಂಕುಳಲ್ಲಿ ಮಗ. ಮಾವ ಎಲೆಗೆ ಸುಣ್ಣ ಹಚ್ಚುತ್ತ ಮಾತೆತ್ತಿದರು. "ಮಾಸ್ತರ, ನೀವು ಕಲತೋರು, ನಿಮ್ಮ ಮುಂದ ಒಂದು ಮಾತು. ದೊಡ್ಡ ಸೊಸಿಗೆ ಕೂಸಿಲ್ಲ, ಸಣ್ಣಾಕಿಗೆ ಎರಡು ಅದಾವ. ನಾಗರ ಪಂಚಮಿ ದಿನ ನೀಲಾನ್ನ ದೊಡ್ಡಾಕಿ ಉಡಿಯಾಗ ಹಾಕಬೇಕು ಅಂತ ಮಾಡೀವಿ. ಕೂಸು ಎಲ್ಲಿ ಹೋಗತೈತಿ? ಅದ ಮನಿ, ಅದ ಒಲಿ. ಏನಂತೀರಿ?"

ಸರ್ ಎದ್ದೇ ನಿಂತರು. ಅವರಿಗೆ ಕೂತು ಮಾತಾಡಲು ಬರುತ್ತಿರಲಿಲ್ಲ. ಬಾಯಿ ತೆರೆದರು. ಅಷ್ಟರಲ್ಲಿ ಅಂಗಳದಿಂದ ಆ ಚೀಲದ ಹಿಂದಿನ ಎತ್ತನ್ನು ಎರಡೂ ಕೈಯಲ್ಲಿ ಹಿಡಿದು ಓಡಿ ಬಂದ ನೀಲಾ ಹೊಸ್ತಿಲು ಎಡವಿ ಬಿದ್ದಳು.

ಹಸಿ ಮಣ್ಣಿನ ಎತ್ತಿನ ಮುಂಗಾಲು ಮುರಿದು ಉರುಳಿತು. ಮಗು ಅಳಲಿಲ್ಲ. ತಲೆ ಎತ್ತಿತು. ನನ್ನ ಕಣ್ಣ ಮುಂದೆ ಕೌಲ್ ಬಜಾರು ಬಂದುಹೋಯಿತು. ಸರ್ ನನ್ನತ್ತ ನೋಡಿದರು, ನಾನು ಅವರತ್ತ ನೋಡಿದೆ. ಅಕ್ಕ ಅರ್ಧ ಎದ್ದು ಕೈ ಚಾಚಿದ್ದರು. ನೀಲಾ ಅವರನ್ನು ನೋಡಿದಳು, ಅಳಲಿಲ್ಲ. ನಾನು ಮಗನನ್ನು ಚಾಪೆಗೆ ಹಾಕಿ ಬಾಗಿಲು ದಾಟಿದೆ, ಮಾವನೆದುರು ಎಂಬುದೂ ನೆನಪಿರಲಿಲ್ಲ. ನನ್ನನ್ನು ನೋಡಿದಳು. ಅಳಲಿಲ್ಲ. ಆ ನೋಟ ನನ್ನನ್ನೂ ದಾಟಿ ಹೋಗಿ ಕಂಬದ ಹತ್ತಿರ ನಿಂತಿತು. ಅಲ್ಲಿ ಅವಳ ತುಟಿ ನಡುಗಿತು.

ನನ್ನ ಗಂಡ ತಮ್ಮ ತಂದೆಯ ಮುಖ ನೋಡಿದರು. ಆಮೇಲೆ ಮಗಳ ಮುಖ. ಕಂಬ ಬಿಟ್ಟರು. ಎಲ್ಲರೂ ನೋಡನೋಡುತ್ತ ಪಡಸಾಲೆ ದಾಟಿ ಬಂದು, ಬಗ್ಗಿ, ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅದು ಹೊಸಬರ ಕೈ ಅಲ್ಲ, ಪಳಗಿದ ಕೈ. ನೀಲಾ ಅವರ ಕೊರಳಿಗೆ ಜೋತುಬಿದ್ದಳು. ತಿಂಗಳುಗಳ ಮೇಲೆ ಅವಳ ದನಿ ಕೇಳಿತು.

"ಅಪ್ಪಾ, ನಿನ್ನ ಕಾಲು ಮುರೀತು," ಎಂದಳು. ಎಂದು, ಗಿರಣಿಯಾಚೆ ಕೇಳುವಂತೆ ಅತ್ತಳು.

ಮಾವ ಎಲೆ ಕೆಳಗಿಟ್ಟರು. "ಇಷ್ಟು ಸಲಿಗಿ ಯಾವಾಗಿಂದೋ?"

"ದಿನಾ ಹಿತ್ತಲಾಗಿಂದ ಗಿರಣಿಗೆ ಬರ್ತಾಳಪ್ಪ. ಚೀಲದ ಹಿಂದ ಎತ್ತಿಕೋತೀನಿ."

"ಚೀಲದ ಹಿಂದ ಯಾಕ?"

"ಈಚಿ ಕಡೆ ನೀವ್ ಇರ್ತೀರಲ್ಲ." ನನ್ನ ಗಂಡ ಮಗಳನ್ನು ಇಳಿಸಲಿಲ್ಲ. "ಈಕಿನ್ನ ಕೊಡಾಕ ನನಗ ಮನಸ್ಸಿಲ್ಲಪ್ಪ."

ಮದುವೆಯಾದಾಗಿನಿಂದ ನಾನು ಆ ಮನುಷ್ಯನ ಬಾಯಲ್ಲಿ ಕೇಳಿದ ಅತಿ ಉದ್ದದ ಮಾತು ಅದು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಅವಳು ಅಳಲು ಆರಿಸಿಕೊಂಡ ಮುಖ ನನ್ನದಲ್ಲ. ಆದರೆ ಆ ಕಿಚ್ಚನ್ನು ಮುಳುಗಿಸುವಷ್ಟು ಸಂತೋಷವೂ ಅದೇ ಗಳಿಗೆಯಲ್ಲಿ ಎದೆಯಲ್ಲಿ ಉಕ್ಕಿ ಬಂತು. ಅಕ್ಕ ಕಣ್ಣೊರೆಸಿಕೊಂಡು ನೆಲಕ್ಕೆ ಕೂತು, ಮುರಿದ ಕಾಲನ್ನು ಹುಡುಕಿ, ಬೆರಳಿಗೆ ನೀರು ಮುಟ್ಟಿಸಿಕೊಂಡು ಎತ್ತಿಗೆ ಅಂಟಿಸಿದರು. "ಅಳಬ್ಯಾಡ ನನ ಬಂಗಾರ. ಅಪ್ಪನ ಕಾಲು ಕೂಡಿತು ನೋಡು," ಎಂದರು. ಮುಂದೆ ಎಷ್ಟೋ ವರ್ಷ ನೀಲಾ ಬೇಕೆನಿಸಿದಾಗ ಅವರ ಮಗ್ಗುಲಲ್ಲಿ, ಬೇಕೆನಿಸಿದಾಗ ನನ್ನ ಮಗ್ಗುಲಲ್ಲಿ ಮಲಗಿದಳು.

ಮಾವ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ನಮ್ಮಪ್ಪ ಇದ್ದಾಗ ನಾನೂ ನಿನ್ನ ಎತ್ತಿಕೊಂಡಿಲ್ಲಪ್ಪ," ಎಂದರು ಮಗನಿಗೆ. "ನೀ ಬಿದ್ರ ಕೈ ತಾವ ಮುಂದ ಹೋಗ್ತಿದ್ವು. ಹಿಂದಕ ಎಳಕೊಂಡು, ಮುಖಾ ತಿರುವತಿದ್ದೆ. ನೋಡಿದ್ರ ತಡಕೊಳ್ಳಾಕ ಆಗ್ತಿದ್ದಿಲ್ಲ." ಎಲೆಯನ್ನು ಮತ್ತೆ ಕೈಗೆತ್ತಿಕೊಂಡರು. "ಇರ್ಲಿ ಬಿಡು. ಕೊಡೂದು ಬ್ಯಾಡ."

ನಾನು ಸರ್ ಕಡೆ ತಿರುಗಿದೆ. ಚೀಲದ ಹಿಂದಿನ ಎತ್ತು ಕೂಸಲ್ಲ, ಅಪ್ಪ. ಅವರು ಹೇಳಿದ್ದು ತಪ್ಪಿತ್ತು, ಇಷ್ಟು ಚೆಂದವಾಗಿ ಎಂದೂ ತಪ್ಪಿರಲಿಲ್ಲ. ಚಪ್ಪಾಳೆಗಾಗಿ ಕಾದೆ. ಅವರ ಕೈಗಳು ಎದ್ದಿದ್ದವು, ಎದೆಯ ಮಟ್ಟದಲ್ಲಿ ಒಂದಕ್ಕೊಂದು ತಾಗದೆ ನಿಂತಿದ್ದವು. ಕಣ್ಣಿಂದ ನೀರು ಇಳಿದು ಕೆಸರು ಮೆತ್ತಿದ ಕೆನ್ನೆ ದಾಟಿ ಅಂಗಿಯ ಮೇಲೆ ಬೀಳುತ್ತಿತ್ತು. ಮೆಲ್ಲಗೆ ಕೂತರು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು, ಅಪ್ಪನ ಹೆಗಲ ಮೇಲಿದ್ದ ನೀಲಾ ತನ್ನ ಅಳು ನಿಲ್ಲಿಸಿ ನೋಡುವಷ್ಟು.

ಮಾವನಿಗೆ ಗಾಬರಿಯಾಯಿತು. ಅವರ ಹತ್ತಿರ ಸರಿದು ಹೆಗಲ ಮೇಲೆ ಕೈ ಇಟ್ಟರು. "ಯಾಕ್ರೀ ಮಾಸ್ತರ? ಏನಾತ್ರಿ?"

"ನಾ ಬಿದ್ದಿದ್ದೆ ರೀ," ಎಂದರು ಸರ್, ಮಾವನ ಮುಖ ನೋಡುತ್ತ. "ಕುರುಗೋಡದಾಗ. ಭಾಳ ಹಿಂದ."

ಮಾವನಿಗೆ ಎಷ್ಟು ತಿಳಿಯಿತೋ ನಾನರಿಯೆ. ಒಳಗೆ ತಿರುಗಿ, "ಯಾರರ ಸ್ವಲ್ಪ ಎಣ್ಣಿ ಬಿಸಿ ಮಾಡಿಕೊಂಡು ಬರ್ರಿ. ಮಾಸ್ತರ ಬಿದ್ದಾರಂತ," ಎಂದು ಕೂಗಿದರು. ಅತ್ತೆ ಬಟ್ಟಲು ತಂದರು. ಸರ್ ಬೇಡ ಎನ್ನಲಿಲ್ಲ. ಪ್ಯಾಂಟು ಮೇಲೆ ಸರಿಸಿ ಮೊಣಕಾಲು ಚಾಚಿ ಕೂತರು, ಮಾವ ಎಣ್ಣೆ ಹಚ್ಚಿದರು.